ಮಂದಾನಿಲ ರಗಳೆಗೆ ಬೀಟ್ ಹಾಕಿದ್ದು

ದಾವಣಗೆರೆ ಮಾತಿನಲ್ಲೇ ರ್‍ಯಾಪ್ ಮಾಡುತ್ತೇನೆ ಅಂದಾಗ ಸುಮಾರು ಜನ ಒಂದೇ ಮಾತು ಹೇಳಿದರು. "ಬೆಂಗಳೂರು ಕನ್ನಡ ಹಾಕು, ನಡುನಡುವೆ ಇಂಗ್ಲಿಷ್ ಸೇರಿಸು, ಜಾಸ್ತಿ ಜನ ಕೇಳ್ತಾರೆ." ನನಗೆ ಅದು ಒಪ್ಪಿಗೆಯಾಗಲಿಲ್ಲ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹಿಪ್ ಹಾಪ್ ಶುರುವಾಗಿದ್ದೇ ಅಲ್ಲಿನ ಹುಡುಗರ ಪಾರ್ಟಿಗಳಲ್ಲಿ, ಅವರು ದಿನಾ ಆಡುವ ಮಾತಿನಲ್ಲಿ. ಚಂದನ್ ಶೆಟ್ಟಿ, ಆಲ್ ಓಕೆ ಅಂಥವರಿಂದ ಕನ್ನಡ ರ್‍ಯಾಪ್ ಈಗ ಗಣಪತಿ ಪೆಂಡಾಲಿನವರೆಗೂ ಬಂದಿದೆ. ಅದರೊಳಗೆ ನಮ್ಮೂರಿನ ‘ಐತಿ’, ‘ಲೇ’ ಯಾಕೆ ಇರಬಾರದು?

ನಿಜವಾದ ತೊಡಕು ಪ್ರಾಸದ್ದು. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ, ಅಲ್ವಾ? ಹಾಗಾಗಿ ಹೋಗ್ತೀನಿ, ಬರ್ತೀನಿ, ನೋಡ್ತೀನಿ ಅಂತ ಸಾಲಿನ ಕೊನೆಗೆ ಪ್ರಾಸ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಕ್ಕಿದ್ದು ಕಿವಿಗೆ ಬೇಗ ಬೇಜಾರು.

ದಾರಿ ಸಿಕ್ಕಿದ್ದು ಹೈಸ್ಕೂಲಿನ ಛಂದಸ್ಸಿನ ಪಾಠದಲ್ಲಿ. ನಮ್ಮ ಹಳೇ ಕವಿಗಳು ಪ್ರಾಸ ಇಡುತ್ತಿದ್ದದ್ದು ಸಾಲಿನ ಎರಡನೇ ಅಕ್ಷರದಲ್ಲಿ. ಇನ್ನು ಮಂದಾನಿಲ ರಗಳೆ ಅನ್ನೋ ಹಳೇ ಛಂದಸ್ಸು ತಗೊಳ್ಳಿ. ಮಾತ್ರೆ ಅಂದರೆ ಅಕ್ಷರ ಉಚ್ಚರಿಸುವ ಕಾಲದ ಅಳತೆ, ಗಣ ಅಂದರೆ ಮಾತ್ರೆಗಳ ಗುಂಪು. ನಾಲ್ಕು ಮಾತ್ರೆಯ ನಾಲ್ಕು ಗಣ, ಸಾಲಿಗೆ 16 ಮಾತ್ರೆ. ಬೀಟಿನ ಒಂದು ಬಾರ್‌ಗೂ, ಅಂದರೆ ತಾಳದ ಒಂದು ಸುತ್ತಿಗೂ, ನಾಲ್ಕು ಪೆಟ್ಟು. ಒಂದೊಂದು ಪೆಟ್ಟನ್ನು ನಾಲ್ಕು ಮಾಡಿದರೆ ಅಲ್ಲೂ 16! ಇದು ಹೊಳೆದ ದಿನ ನಾನು ಕುಣಿದಾಡಿಬಿಟ್ಟೆ. ಫೋನಿನಲ್ಲಿ ತಾಳದ ಪೆಟ್ಟು ಕೊಡುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 90 ಪೆಟ್ಟಿಗೆ ಇಟ್ಟು, ಮೇಜು ಕುಟ್ಟುತ್ತಾ ಬರೆಯಲು ಕೂತೆ.

ಹಾಡಿನ ವಿಷಯ ನಮ್ಮ ಮಂಡಕ್ಕಿ ಹುರಿಯುವ ಭಟ್ಟಿ. ಬೆಣ್ಣೆ ದೋಸೆ ಬಗ್ಗೆ ಎಲ್ಲರೂ ಹಾಡುತ್ತಾರೆ. ಕಾದ ಮರಳಿನ ಮುಂದೆ ಬೆವರು ಸುರಿಸುತ್ತಾ ಅಕ್ಕಿ ಅರಳಿಸುವವರ ಬಗ್ಗೆ ಹಾಡೋರು ಯಾರು? ಶುರುವಿನ ಸಾಲು ಹೀಗಿದೆ:

ಭಟ್ಟಿಯ ಹೊಗೆಯಲಿ ಬೆಳೆದವ ನಾನ್ಲೇ
ಹೊಟ್ಟೆಗೆ ಮಿರ್ಚಿಯ ಖಾರವೆ ಸಾಕ್ಲೇ

ಭಟ್ಟಿ, ಹೊಟ್ಟೆ: ಎರಡರಲ್ಲೂ ಎರಡನೇ ಅಕ್ಷರ ಟಕಾರದ ಒತ್ತು. ನಾಲಿಗೆಯೇ ಅಲ್ಲಿ ಡ್ರಮ್ ಹೊಡೆಯುತ್ತದೆ. ಕೊನೆಯ ‘ಲೇ’ ಅಂತೂ ನಮ್ಮ ಓಣಿಯದ್ದು. ಅದನ್ನು ತೆಗೆದು ಹಾಡಿ ನೋಡಿ, ಸಾಲು ಸಪ್ಪೆಯಾಗುತ್ತದೆ.

ವಾದ್ಯಕ್ಕೆ ಚಿತ್ರದುರ್ಗದ ಕಡೆಯ ಉರುಮೆ ಬೇಕೇ ಬೇಕಿತ್ತು. ಒಂದು ಮುಖಕ್ಕೆ ಬಡಿಯುತ್ತಾರೆ, ಇನ್ನೊಂದು ಮುಖವನ್ನು ಕೋಲಿನಿಂದ ಉಜ್ಜುತ್ತಾರೆ. ಆಗ ಗುಂಯ್ ಅಂತ ಒಂದು ನರಳುವ ದನಿ ಹೊರಡುತ್ತದೆ. ಕೀಬೋರ್ಡಿನ ಬೇಸ್‌ಗಿಂತ ಅದು ಎದೆಗೆ ಹತ್ತಿರ. ನೆಟ್‌ನಲ್ಲಿ ಸಿಗುವ ರೆಡಿಮೇಡ್ ಲೂಪ್ ನನಗೆ ಬೇಡವಾಗಿತ್ತು. ದೇವರ ಮುಂದೆ ನುಡಿಸುವ ವಾದ್ಯ ಅದು, ಸುಮ್ನೆ ಫೋನ್ ಹಿಡಿದು ರೆಕಾರ್ಡ್ ಮಾಡಿಕೊಂಡು ಬರಬಾರದು. ಉರುಮೆ ನುಡಿಸುವ ಹಿರಿಯರನ್ನು ಕೇಳಿದೆ. ದೇವರ ಕುಣಿತದ ಪೆಟ್ಟು ಬಿಟ್ಟು ಬೇರೆ ನುಡಿಸಿಕೊಟ್ಟರು. ದುಡ್ಡು ಕೊಟ್ಟು, ಹಾಡಿನ ವಿವರದಲ್ಲಿ ಅವರ ಹೆಸರನ್ನು ನನ್ನ ಹೆಸರಿಗಿಂತ ಮೇಲೆ ಹಾಕಿದೆ. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಓದುಬರಹ ಇಲ್ಲದೆ ಸಾವಿರಾರು ಜನಪದ ಹಾಡು ನೆನಪಿನಲ್ಲಿಟ್ಟು ಹಾಡಿದವರು. ಅಂಥವರಿದ್ದ ಸೀಮೆಯಿಂದ ಪಡೆದಿದ್ದಕ್ಕೆ ಹೆಸರು ಹೇಳದಿದ್ದರೆ ಅದು ಕಳ್ಳತನವೇ.

ದನಿ ರೆಕಾರ್ಡ್ ಮಾಡಿದ್ದು ಮನೆಯಲ್ಲೇ, ಸುತ್ತ ಕಂಬಳಿ ಕಟ್ಟಿಕೊಂಡು. ಮಿಕ್ಸಿಂಗ್ ಲ್ಯಾಪ್‌ಟಾಪಿನಲ್ಲಿ. ಸಾಹಿತ್ಯವನ್ನು ಕನ್ನಡ ಲಿಪಿಯಲ್ಲೇ ತೆರೆಯ ಮೇಲೆ ಓಡಿಸಿದೆ.

ಪುಣೆ, ದುಬೈನಲ್ಲಿ ದುಡಿಯುವ ನಮ್ಮೂರ ಹುಡುಗರು ಅದನ್ನು ಸ್ಟೇಟಸ್‌ಗೆ ಹಾಕಿಕೊಂಡರು. ಬೆಂಗಳೂರಿನವರಿಗೂ ‘ಲೇ’ ಅಡ್ಡ ಬರಲಿಲ್ಲ. ಈಗ ಎರಡನೇ ಹಾಡು ನಡೆದಿದೆ. ಭಟ್ಟಿ ಕಡೆಯ ಗೆಳೆಯನೊಬ್ಬ ಮನೆಯಲ್ಲಿ ಆಡುವ ಉರ್ದುವಿನಲ್ಲಿ ಅರ್ಧ ಬರೆಯುತ್ತಿದ್ದಾನೆ. ಅವನ ಸಾಲುಗಳನ್ನೂ ಮೇಜು ಕುಟ್ಟಿಯೇ ಎಣಿಸುತ್ತಿದ್ದೇವೆ, ಇನ್ನೂ ಒಂದು ಚರಣ ಕೂರಬೇಕು.