ಅಂಡರ್ ಸೆಕ್ರೆಟರಿ ಅಂದರೆ ನಮ್ಮ ಅಧೀನ ಕಾರ್ಯದರ್ಶಿ ಅಲ್ಲ

ರಾಯಚೂರಿನಲ್ಲಿ ಕೆಎಎಸ್, ಯುಪಿಎಸ್‌ಸಿಗೆ ಓದುವ ಹುಡುಗಿಯರಿಗಾಗಿ ಒಬ್ಬೊಬ್ಬ ಅಧಿಕಾರಿಯ ವೃತ್ತಿಜೀವನವನ್ನು ಒಂದೊಂದು ಎ-3 ಹಾಳೆಗೆ ಇಳಿಸುತ್ತೇನೆ. ಹೆಚ್ಚು ಸಲ ಅಳಿಸಿ ಬರೆಯಬೇಕಾಗಿ ಬಂದದ್ದು ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ನೀತಿ ರೂಪಿಸಿದ ಇಬ್ಬರ ಹಾಳೆ: ಮಿಷೆಲ್ ಫ್ಲೋರ್ನಾಯ್, ಕ್ಯಾಥ್ಲೀನ್ ಹಿಕ್ಸ್.

ಎಡವಟ್ಟಾಗುವುದು ಹುದ್ದೆಯ ಹೆಸರಿನಲ್ಲೇ. ಫ್ಲೋರ್ನಾಯ್ 2009ರ ಫೆಬ್ರವರಿಯಿಂದ 2012ರ ಫೆಬ್ರವರಿವರೆಗೆ ರಕ್ಷಣಾ ನೀತಿಯ ಅಂಡರ್ ಸೆಕ್ರೆಟರಿ. ಇದನ್ನು ‘ಅಧೀನ ಕಾರ್ಯದರ್ಶಿ’ ಎಂದು ಬರೆದರೆ ವಿಧಾನಸೌಧದಲ್ಲಿ ಆದೇಶಗಳ ಕೆಳಗೆ ಸಹಿ ಹಾಕುವವರೇ ಕಣ್ಣಿಗೆ ಕಟ್ಟುತ್ತಾರೆ. ‘ಇಷ್ಟೆಲ್ಲ ಓದಿ ಬರೇ ಅಂಡರ್ ಸೆಕ್ರೆಟರಿ ಆದ್ರೇನ್ರಿ?’ ಅನ್ನುತ್ತಾರೆ ಹುಡುಗಿಯರು. ಕೇಳುವುದರಲ್ಲಿ ತಪ್ಪಿಲ್ಲ. ದಿಲ್ಲಿಯ ಏಣಿಯಲ್ಲಿ ಅಂಡರ್ ಸೆಕ್ರೆಟರಿಯ ಮೇಲೆ ಡೆಪ್ಯುಟಿ ಸೆಕ್ರೆಟರಿ, ಡೈರೆಕ್ಟರ್, ಜಾಯಿಂಟ್ ಸೆಕ್ರೆಟರಿ, ಅಡಿಷನಲ್ ಸೆಕ್ರೆಟರಿ, ಕೊನೆಗೆ ಸೆಕ್ರೆಟರಿ. ಪೆಂಟಗನ್‌ನಲ್ಲಿ, ಅಂದರೆ ಅಮೆರಿಕದ ರಕ್ಷಣಾ ಇಲಾಖೆಯಲ್ಲಿ, ಸೆಕ್ರೆಟರಿ ಅಂದರೆ ಸಂಪುಟದ ಮಂತ್ರಿ, ಡೆಪ್ಯುಟಿ ಸೆಕ್ರೆಟರಿ ಎರಡನೆಯವರು, ಅಂಡರ್ ಸೆಕ್ರೆಟರಿ ಮೂರನೆಯ ಮೆಟ್ಟಿಲು. ಫ್ಲೋರ್ನಾಯ್ ಏರಿದ್ದು ಪೆಂಟಗನ್‌ನಲ್ಲಿ ಅಲ್ಲಿಯವರೆಗೆ ಯಾವ ಮಹಿಳೆಯೂ ಏರದ ಎತ್ತರ.

ಅದಕ್ಕೇ ಮೊದಲು ಎರಡೂ ಏಣಿಗಳನ್ನು ಅಕ್ಕಪಕ್ಕ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತೇನೆ. ಹುದ್ದೆಯ ಹೆಸರನ್ನು ಅನುವಾದಿಸುವುದಿಲ್ಲ. ಪಕ್ಕದಲ್ಲಿ ‘ಮೇಲಿನಿಂದ ಎಷ್ಟನೆಯದು’ ಎಂದು ಅಂಕಿ ಹಾಕುತ್ತೇನೆ. ಆಮೇಲೆ ನಾಲ್ಕು ಕಾಲಂ: ವರ್ಷ, ಹುದ್ದೆ, ಹುದ್ದೆ ಸಿಕ್ಕ ದಾರಿ, ಯಾರ ಕೈಕೆಳಗೆ. ಮೂರನೆಯ ಕಾಲಂ ಇಲ್ಲದ ಹಾಳೆ ದಂಡ.

ಹಿಕ್ಸ್ ಅವರ ಹಾಳೆಯಲ್ಲಿ ಆ ಕಾಲಂ ನೋಡಿ. 1993ರಿಂದ 2006ರವರೆಗೆ ರಕ್ಷಣಾ ಇಲಾಖೆಯಲ್ಲಿ ಕಾಯಂ ನೌಕರಿ. ಆಮೇಲೆ ಸಿಎಸ್‌ಐಎಸ್ ಎಂಬ ಅಧ್ಯಯನ ಸಂಸ್ಥೆ. 2009ರಲ್ಲಿ ಒಬಾಮ ಸರ್ಕಾರದ ನೇಮಕದಿಂದ ಮತ್ತೆ ಇಲಾಖೆಗೆ, 2013ರಲ್ಲಿ ಹೊರಗೆ. 2021ರಲ್ಲಿ ಡೆಪ್ಯುಟಿ ಸೆಕ್ರೆಟರಿ. ನಡುವಿನ ಖಾಲಿ ವರ್ಷಗಳನ್ನು ನಮ್ಮವರು ‘ರಾಜೀನಾಮೆ’ ಎಂದೋ ‘ಎತ್ತಂಗಡಿ’ ಎಂದೋ ಓದಿಬಿಡುತ್ತಾರೆ. ಅಲ್ಲಿ ಸರ್ಕಾರ ಬದಲಾದರೆ ಸುಮಾರು 4,000 ರಾಜಕೀಯ ನೇಮಕದ ಹುದ್ದೆಗಳಲ್ಲಿ ಜನ ಬದಲಾಗುತ್ತಾರೆ. ಹೊರಗಿರುವಾಗ ಅಧ್ಯಯನ ಸಂಸ್ಥೆಯಲ್ಲೇ ಮುಂದಿನ ನೀತಿ ಬರೆಯುತ್ತಾರೆ. ಫ್ಲೋರ್ನಾಯ್ 2007ರಲ್ಲಿ ರಕ್ಷಣಾ ಇಲಾಖೆಯ ಮಾಜಿ ಅಧಿಕಾರಿ ಕರ್ಟ್ ಕ್ಯಾಂಪ್‌ಬೆಲ್ ಜೊತೆ ಸಿಎನ್‌ಎಎಸ್ ಎಂಬ ಅಧ್ಯಯನ ಸಂಸ್ಥೆ ಕಟ್ಟಿದ್ದು ಹೀಗೆ ಹೊರಗಿದ್ದಾಗಲೇ. ಈ ವರ್ಷಗಳನ್ನು ಬೇರೆ ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದರೆ ಒಳಗೆ–ಹೊರಗೆ ಓಡಾಟ ಥಟ್ಟನೆ ತಿಳಿಯುತ್ತದೆ.

ತಾರೀಖಿನದು ಇನ್ನೊಂದು ಕಾಟ. ಡೆಪ್ಯುಟಿ ಸೆಕ್ರೆಟರಿ ಹುದ್ದೆಗೆ ಹಿಕ್ಸ್ ಹೆಸರು ಹೊರಬಿದ್ದದ್ದು 2020ರ ಡಿಸೆಂಬರ್‌ನಲ್ಲಿ, ಸೆನೆಟ್ (ಅಮೆರಿಕ ಸಂಸತ್ತಿನ ಮೇಲ್ಮನೆ) ಒಪ್ಪಿದ್ದು 2021ರ ಫೆಬ್ರವರಿ 8ರಂದು, ಪ್ರಮಾಣವಚನ ಮರುದಿನ. ಹಾಳೆಗೆ ಪ್ರಮಾಣವಚನದ ದಿನ ಮಾತ್ರ ಹಾಕುತ್ತೇನೆ.

‘ಮೊದಲ ಮಹಿಳೆ’ ಎಂಬ ಮಾತಂತೂ ಹುಷಾರು. ಸೆನೆಟ್ ಒಪ್ಪಿಗೆ ಪಡೆದ ಮೊದಲ ಮಹಿಳಾ ಡೆಪ್ಯುಟಿ ಸೆಕ್ರೆಟರಿ ಹಿಕ್ಸ್ ನಿಜ; ಆದರೆ 2013–14ರಲ್ಲಿ ಕ್ರಿಸ್ಟೀನ್ ಫಾಕ್ಸ್ ಅದೇ ಕುರ್ಚಿಯಲ್ಲಿ ಇನ್‌ಚಾರ್ಜ್ ಇದ್ದರು. ತಹಸೀಲ್ದಾರ್ ಇನ್‌ಚಾರ್ಜ್ ಗೊತ್ತಿರುವ ನಮ್ಮ ಊರಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲೂ ಅಷ್ಟೇ: ಇಂದಿರಾ ಗಾಂಧಿ ಪ್ರಧಾನಿಯಾಗಿದ್ದುಕೊಂಡೇ ರಕ್ಷಣಾ ಖಾತೆ ನೋಡಿಕೊಂಡಿದ್ದರು, ಪೂರ್ಣಾವಧಿಯ ಮೊದಲ ಮಹಿಳಾ ರಕ್ಷಣಾ ಮಂತ್ರಿ 2017ರಲ್ಲಿ ಬಂದ ನಿರ್ಮಲಾ ಸೀತಾರಾಮನ್, ಆಗ ಕರ್ನಾಟಕದಿಂದಲೇ ರಾಜ್ಯಸಭಾ ಸದಸ್ಯೆ.

ಹಾಳೆಯ ಬುಡದಲ್ಲಿ ನಮ್ಮ ದಾರಿಯನ್ನೂ ಎರಡು ಸಾಲಲ್ಲಿ ಬರೆಯುತ್ತೇನೆ. ರಕ್ಷಣಾ ಸಚಿವಾಲಯದ ಮೇಲಿನ ಕುರ್ಚಿಗಳಿಗೆ ಹೆಚ್ಚಾಗಿ ಐಎಎಸ್‌ನಿಂದಲೇ ಹೋಗುತ್ತಾರೆ. ಅದೇ ಯುಪಿಎಸ್‌ಸಿ ಪರೀಕ್ಷೆಯಿಂದ ರಕ್ಷಣಾ ಲೆಕ್ಕಪತ್ರ ಸೇವೆಗೂ ಸೇರಬಹುದು. ಅದರ ಕೆಳಗೆ ಕೆಂಪಕ್ಷರದಲ್ಲಿ: ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿ ರಾಜ್ಯದ ಹುದ್ದೆಗಳಿಗೆ, ಯುಪಿಎಸ್‌ಸಿಗೆ ಅಲ್ಲ. ಇದನ್ನು ಬರೆಯದಿದ್ದರೆ ಹಾಳೆ ಗೋಡೆಗೆ ಅಂಟಿಸುವ ಮೊದಲೇ ಆ ಪ್ರಶ್ನೆ ಬಂದಿರುತ್ತದೆ.