ದೀಪ ಇಲ್ಲದ ಟ್ರೇಲರ್ ಎಷ್ಟು ದೂರದಿಂದ ಕಂಡಿತು?

ಮೊನ್ನೆ ಒಬ್ಬ ಹಿರಿಯ ವಕೀಲರು ಫೋನ್ ಮಾಡಿ, "ನಿಮ್ಮ ಆ ಟ್ರೇಲರ್ ಕೇಸಿನ ರಿಪೋರ್ಟ್ ಒಂದು ಕಾಪಿ ಕಳಸ್ರಿ" ಅಂದರು. ಕೆಲವು ವರ್ಷದ ಹಿಂದೆ ಇದೇ ವಕೀಲರು ನನ್ನನ್ನು ವರಾಂಡದಿಂದಲೇ ವಾಪಸ್ ಕಳಿಸಿದ್ದರು. "ಪಂಚನಾಮೆ ಐತಿ, ಚಾರ್ಜ್‌ಶೀಟ್ ಐತಿ. ಇಂಜಿನಿಯರ್ ಕಟಕಟಿಗೆ ಹತ್ತೋದು ನಮ್ಮ ಕಡೆ ನಡಿಯಂಗಿಲ್ಲ ಬಿಡ್ರಿ" ಅಂದಿದ್ದರು. ದೀಪ ಇಲ್ಲದೆ ರಸ್ತೆಯಲ್ಲಿ ನಿಂತ ಟ್ರೇಲರ್‌ಗೆ ಬೈಕ್ ಹೊಡೆದ ಆ ಕೇಸಿನಲ್ಲಿ ಅದು ನಡೆದಿದೆ. ಹೇಗೆ ನಡೆಯಿತು, ಎಷ್ಟು ಖರ್ಚಾಯಿತು, ಎಲ್ಲೆಲ್ಲಿ ಎಡವಿದೆ ಅನ್ನೋದನ್ನು ಬರೆಯುತ್ತಿದ್ದೇನೆ. ಎಂವಿಸಿ ಕೇಸು, ಅಂದರೆ ವಾಹನ ಅಪಘಾತದ ಪರಿಹಾರದ ಕೇಸು ನಡೆಸುವವರಿಗೆ, ವಾಹನ ಸರ್ವೆ ಮಾಡುವವರಿಗೆ ಉಪಯೋಗ ಆಗಬಹುದು.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಗಂಗಾವತಿಯಲ್ಲಿ ಗ್ಯಾರೇಜ್ ನಡೆಸಿದವನು. ಆಮೇಲೆ ಹದಿನೈದು ಹದಿನಾರು ವರ್ಷ ಇನ್ಶೂರೆನ್ಸ್ ಸರ್ವೆ ಮಾಡಿದೆ. ಸಾವಿರಗಟ್ಟಲೆ ಜಜ್ಜಿದ ವಾಹನ ನೋಡಿದ್ದೇನೆ. ಲೋಹ ಹೇಗೆ ಮಡಚಿದೆ ಅಂತ ನೋಡಿದರೆ ಪೆಟ್ಟು ಯಾವ ಕಡೆಯಿಂದ ಬಂತು ಅಂತ ಹೇಳಬಲ್ಲೆ. ಆದರೆ ಅದನ್ನು ನ್ಯಾಯಮಂಡಳಿ ಒಪ್ಪುವ ಹಾಗೆ ಹೇಳೋದು ಬೇರೆಯೇ ಕೆಲಸ. ಅದನ್ನು ಕಲಿಯೋಕೆ ಮೂರು ಕೇಸು ಕಳೆದುಕೊಂಡೆ.

ಮೊದಲನೆಯದರಲ್ಲಿ ಫೋಟೋ ಎಲ್ಲ ಚೆನ್ನಾಗಿದ್ದವು, ಆದರೆ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡಬೇಕಾದ ಸರ್ಟಿಫಿಕೇಟ್ ಇರಲಿಲ್ಲ. ಆಗಿನ ಸಾಕ್ಷ್ಯ ಅಧಿನಿಯಮದ 65ಬಿ, ಈಗ ಹೊಸ ಕಾಯ್ದೆಯಲ್ಲಿ 63. ಎದುರು ವಕೀಲರು ಅದೊಂದೇ ಮಾತು ಎತ್ತಿದರು. ನನ್ನ ಮೂವತ್ತು ಫೋಟೋ ಪಕ್ಕಕ್ಕೆ ಹೋದವು.

ಎರಡನೆಯದರಲ್ಲಿ ಬ್ರೇಕ್ ಗುರುತಿನಿಂದ ವೇಗ ತೆಗೆದೆ. ರಸ್ತೆಯ ಹಿಡಿತ (ಟೈರಿಗೂ ರಸ್ತೆಗೂ ನಡುವಿನ ಘರ್ಷಣೆಯ ಅಳತೆ) 0.7 ಅಂತ ಪುಸ್ತಕದಿಂದ ಎತ್ತಿ ಬರೆದಿದ್ದೆ. "ಆ ರಸ್ತೆಯಲ್ಲಿ ನೀವೇ ಪರೀಕ್ಷೆ ಮಾಡಿದ್ದೀರಾ?" ಅಂತ ಕೇಳಿದರು. ಇಲ್ಲ ಅಂದೆ. ಅಲ್ಲಿಗೆ ಮುಗಿಯಿತು.

ಮೂರನೆಯದು ಈಗಲೂ ನೆನಪಾದರೆ ಹೊಟ್ಟೆ ಉರಿಯುತ್ತದೆ. ಗಿಣಿಗೇರಿ ಕಡೆಯ ಕೇಸು, ಬೈಕ್ ಮತ್ತು ಲಾರಿ. ಒಂದು ಅಂಗಡಿಯ ಸಿಸಿಟಿವಿಯಲ್ಲಿ ಬೈಕ್ ಹೋಗುವುದು ಕಂಡಿತು. ಎರಡು ಕಂಬದ ನಡುವೆ 15 ಮೀಟರ್ ಚಿಲ್ಲರೆ, 20 ಫ್ರೇಮ್. ಸೆಕೆಂಡಿಗೆ 25 ಫ್ರೇಮ್ ಅಂತ ಹಿಡಿದೆ. ವೇಗ 70 ಬಂತು. ಗಾಯಾಳುವಿನ ವಕೀಲರು ಅದನ್ನು ನೋಡಿ ಹೆದರಿ, ಲೋಕ ಅದಾಲತ್‌ನಲ್ಲಿ ಸುಮಾರು 3 ಲಕ್ಷಕ್ಕೆ ರಾಜಿ ಮಾಡಿಕೊಂಡರು. ಒಂದು ತಿಂಗಳಾದ ಮೇಲೆ ನನಗೆ ಅನುಮಾನ ಬಂತು. ಅದೇ ಅಂಗಡಿಗೆ ಹೋಗಿ, ಅದೇ ಕ್ಯಾಮೆರಾ ಮುಂದೆ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿ ಹಿಡಿದು ನಿಂತೆ. ರೆಕಾರ್ಡಿಂಗ್ ತೆಗೆದು ಎಣಿಸಿದರೆ ಸೆಕೆಂಡಿಗೆ 15 ಫ್ರೇಮ್ ಮಾತ್ರ! ಅಂದರೆ ಬೈಕಿನ ವೇಗ 42. ಆ ಹುಡುಗನ ತಪ್ಪು ಏನೂ ಇರಲಿಲ್ಲ. ಅವರ ಮನೆಗೆ ಹೋಗಿ ಹೇಳಿದೆ. ಅವನ ತಾಯಿ ಚಹಾ ಕೊಟ್ಟರು. ಅದನ್ನು ಕುಡಿಯೋದು ಕಷ್ಟ ಆಯಿತು. ಆವತ್ತಿನಿಂದ ಯಾವ ಡಿವಿಆರ್‌ನ (ಸಿಸಿಟಿವಿ ರೆಕಾರ್ಡ್ ಮಾಡುವ ಪೆಟ್ಟಿಗೆಯ) ಸೆಟ್ಟಿಂಗನ್ನೂ ನಾನು ನಂಬುವುದಿಲ್ಲ. ಸ್ಟಾಪ್‌ವಾಚ್ ಹಿಡಿಯದೆ ಒಂದು ಫ್ರೇಮ್ ಕೂಡ ಎಣಿಸುವುದಿಲ್ಲ.

ಈಗ ಟ್ರೇಲರ್ ಕೇಸಿಗೆ ಬರುತ್ತೇನೆ.

2018ರ ಭತ್ತದ ಸುಗ್ಗಿ. ಗಂಗಾವತಿ ಮತ್ತು ಕಾರಟಗಿ ನಡುವಿನ ರಸ್ತೆ. ಆ ದಿನಗಳಲ್ಲಿ ಅಲ್ಲಿ ರಾತ್ರಿ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಒಂದು ಕಡೆ ನೆಲ್ಲು ಒಣ ಹಾಕಿರುತ್ತಾರೆ, ಇನ್ನೊಂದು ಕಡೆ ಚೀಲ ಹೇರಿದ ಟ್ರ್ಯಾಕ್ಟರ್ ನಿಂತಿರುತ್ತದೆ. ಗೌಂಡಿ ಕೆಲಸ ಮಾಡುವ 34 ವರ್ಷದ ಒಬ್ಬರು ರಾತ್ರಿ ಎಂಟೂವರೆಗೆ ಬೈಕಿನಲ್ಲಿ ಬಂದು ನಿಂತ ಟ್ರೇಲರ್‌ನ ಹಿಂಭಾಗಕ್ಕೆ ಹೊಡೆದರು. ಬಲಗೈ, ತೊಡೆ, ದವಡೆ ಮುರಿಯಿತು. ಮೊದಲು ಕಂಪ್ಲೇಂಟ್ ಕೊಟ್ಟವರು ಟ್ರ್ಯಾಕ್ಟರ್ ಕಡೆಯವರು. ಬೈಕ್ ಅತಿ ವೇಗದಲ್ಲಿ, ಹೆಡ್‌ಲೈಟ್ ಇಲ್ಲದೆ ಬಂತು ಅಂತ ಬರೆಸಿದರು. ಚಾರ್ಜ್‌ಶೀಟ್ ಇಬ್ಬರ ಮೇಲೂ ಬಿತ್ತು. ಟ್ರ್ಯಾಕ್ಟರಿನ ಇನ್ಶೂರೆನ್ಸ್ ಕಂಪನಿ ಸವಾರನದು ಅರ್ಧ ತಪ್ಪು ಅಂತ ವಾದ ಹಾಕಿತು. ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಯಾವಾಗಲೂ ಇರುವ ಅದೇ ಸಾಲು: ಅಪಘಾತಕ್ಕೆ ಯಾಂತ್ರಿಕ ದೋಷ ಕಾರಣವಲ್ಲ.

ನನ್ನ ಹತ್ತಿರ ಕೇಸು ಬಂದಾಗ ಒಂದೂವರೆ ವರ್ಷ ಕಳೆದಿತ್ತು. ಅದೃಷ್ಟಕ್ಕೆ ಎರಡು ವಸ್ತು ಉಳಿದಿದ್ದವು. ಬೈಕನ್ನು ಸ್ಟೇಷನ್‌ನಿಂದ ಬಿಡಿಸಿಕೊಂಡು ಬಂದು ಮನೆ ಹಿಂದೆ ತಗಡಿನ ಕೆಳಗೆ ಇಟ್ಟಿದ್ದರು, ಯಾರೂ ಮುಟ್ಟಿರಲಿಲ್ಲ. ಮತ್ತೆ ಅವರ ಸೋದರಳಿಯ ಮಾರನೇ ದಿನ ಬೆಳಿಗ್ಗೆ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದಿದ್ದ. ಅದರಲ್ಲಿ ಟೈರ್ ಉಜ್ಜಿದ ಕಪ್ಪು ಗೆರೆ ಇತ್ತು, ಪಕ್ಕದಲ್ಲಿ ಸಣ್ಣ ಸೇತುವೆಯ ಕಟ್ಟೆ ಇತ್ತು. ಕಟ್ಟೆ ಈಗಲೂ ಅಲ್ಲೇ ಇದೆ, ಅಳೆಯಬಹುದು. ಅದರ ಲೆಕ್ಕದಲ್ಲಿ ಗೆರೆ ಸುಮಾರು 9 ಮೀಟರ್.

ಮೊದಲು ಹೆಡ್‌ಲೈಟ್ ಬಲ್ಬು. ಬೈಕ್ 2014ರದು. 2017ರ ಏಪ್ರಿಲ್ ಆದಮೇಲಿನ ಬೈಕ್ ಆಗಿದ್ದರೆ ದೀಪ ತಾನಾಗಿಯೇ ಉರಿಯುತ್ತಿತ್ತು, ಈ ವಾದವೇ ಬರುತ್ತಿರಲಿಲ್ಲ. ಇದರಲ್ಲಿ ಸ್ವಿಚ್ ಇದೆ. ಬಲ್ಬಿನೊಳಗೆ ಎರಡು ತಂತಿ, ಡಿಮ್ (ಲೋ ಬೀಮ್) ಒಂದು, ಹೈ ಬೀಮ್ ಒಂದು. ಗಾಜು ಒಡೆದಿರಲಿಲ್ಲ. ಉರಿಯುತ್ತಿರುವ ತಂತಿ ಕಾದು ಮೆತ್ತಗಿರುತ್ತದೆ, ಪೆಟ್ಟು ಬಿದ್ದಾಗ ಎಳೆದುಕೊಂಡು ಜೋತು ಬೀಳುತ್ತದೆ. ಆರಿದ ತಂತಿ ಒಂದೋ ಹಾಗೇ ಇರುತ್ತದೆ, ಇಲ್ಲ ಪಟ್ ಅಂತ ಮುರಿಯುತ್ತದೆ. ಇಲ್ಲಿ ಡಿಮ್ ತಂತಿಯ ಸುರುಳಿ ಬಿಚ್ಚಿಕೊಂಡು ಒಂದು ಕಡೆಗೆ ಜಗ್ಗಿತ್ತು. ಇನ್ನೊಂದು ಹೊಸದರ ಹಾಗೆ ನೀಟಾಗಿತ್ತು. ದೀಪ ಉರಿಯುತ್ತಿತ್ತು, ಅದೂ ಡಿಮ್‌ನಲ್ಲಿ! ವಾಚ್ ರಿಪೇರಿಯವರ ಭೂತಗನ್ನಡಿ ಹಿಡಿದು ಫೋಟೋ ತೆಗೆದೆ. ಪಂಚರ ಎದುರಲ್ಲೇ ಬಲ್ಬು ಬಿಚ್ಚಿದ್ದು. ಇದನ್ನು ಮಾತ್ರ ಯಾರೂ ಮರೆಯಬೇಡಿ.

ಟ್ರೇಲರ್ ನೋಡೋಕೆ ಬಿಡಲಿಲ್ಲ, ಕೋರ್ಟಿಗೆ ಅರ್ಜಿ ಹಾಕಿಸಬೇಕಾಯಿತು. ಹಿಂದಿನ ದೀಪಕ್ಕೆ ವೈರೇ ಇರಲಿಲ್ಲ. ಟ್ರ್ಯಾಕ್ಟರ್ ಹಿಂದಿನ ಸಾಕೆಟ್ ತುಕ್ಕು ಹಿಡಿದು ಮಣ್ಣು ತುಂಬಿತ್ತು. ರಿಫ್ಲೆಕ್ಟರ್ ಹಾಕುವ ತೂತು ಕೂಡ ಕೊರೆದಿರಲಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 104ನೇ ನಿಯಮ ಟ್ರೇಲರ್‌ಗೂ ಹಿಂದೆ ಕೆಂಪು ರಿಫ್ಲೆಕ್ಟರ್ ಇರಲೇಬೇಕು ಅನ್ನುತ್ತದೆ.

ವೇಗದ ಲೆಕ್ಕಕ್ಕೆ ಈ ಸಲ ಪುಸ್ತಕ ತೆರೆಯಲಿಲ್ಲ. ಅದೇ ಮಾಡೆಲ್ ಬೈಕ್ ತಂದು, ಅದೇ ರಸ್ತೆಯಲ್ಲಿ ಭಾನುವಾರ ನಸುಕಿನಲ್ಲಿ ಹನ್ನೆರಡು ಸಲ ಬ್ರೇಕ್ ಹಾಕಿದೆವು. ಗೆರೆ ಒಂದೇ ಇದ್ದದ್ದರಿಂದ ಹಿಂದಿನ ಬ್ರೇಕ್ ಮಾತ್ರ. 40ರಲ್ಲಿ ಒತ್ತಿದರೆ ಸುಮಾರು 17 ಮೀಟರ್‌ಗೆ ನಿಂತಿತು. ಹಿಡಿತ 0.37ರ ಆಸುಪಾಸು. ಪುಸ್ತಕದ 0.7ರ ಅರ್ಧ! ಡಿಕ್ಕಿ ಹೊಡೆದಾಗಿನ ವೇಗವನ್ನು ಮುಂದಿನ ಫೋರ್ಕ್ ಎಷ್ಟು ಹಿಂದಕ್ಕೆ ಬಂದಿದೆ ಅನ್ನೋದರಿಂದ ತೆಗೆದೆ. 30ರಿಂದ 40 ಬಂತು. ಅದನ್ನು ಹೇಗೆ ತೆಗೆಯುತ್ತೇನೆ ಅನ್ನೋದು ನನ್ನ ಗ್ಯಾರೇಜಿನ ವಿದ್ಯೆ, ಇಲ್ಲಿ ಬರೆಯುವುದಿಲ್ಲ. ಎರಡೂ ಸೇರಿಸಿದರೆ ಬ್ರೇಕ್ ಒತ್ತುವ ಮುಂಚೆ ಬೈಕ್ 42ರಿಂದ 50ರ ನಡುವೆ ಇತ್ತು. ಎದುರಿನವರು ಹೇಳಿದ್ದು 80.

ಇಷ್ಟಕ್ಕೇ ನಿಲ್ಲಿಸಿದ್ದರೆ ಸೋಲುತ್ತಿದ್ದೆ ಅನ್ನಿಸುತ್ತದೆ. "50 ಆದರೂ ಮುಂದೆ ನೋಡಿ ಓಡಿಸಬೇಕಿತ್ತಲ್ಲ?" ಅನ್ನುತ್ತಿದ್ದರು. ಅದಕ್ಕೆ ಉತ್ತರ ಸಿಗಬೇಕು ಅಂದರೆ ಟ್ರೇಲರ್ ಎಷ್ಟು ದೂರಕ್ಕೆ ಕಂಡಿತು ಅಂತ ಗೊತ್ತಾಗಬೇಕು.

ಗೋಡೆಗೆ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರ್ ತೆಗೆದು ನೋಡಿದೆ. ಅಪಘಾತ ಆದದ್ದು ಅಮಾವಾಸ್ಯೆಗೆ ಎರಡು ದಿನ ಮುಂಚೆ. ಅದೇ ತಿಥಿ ಹಿಡಿದು, ಅದೇ ಹೊತ್ತಿಗೆ ಹೋದೆವು. ಬಾಡಿಗೆ ಟ್ರೇಲರ್ ತಂದು ಚೀಲ ಹೇರಿ ಅದೇ ಜಾಗದಲ್ಲಿ ನಿಲ್ಲಿಸಿದೆವು. ಎರಡೂ ಕಡೆ ಹುಡುಗರನ್ನು ಕೆಂಪು ಟಾರ್ಚ್ ಕೊಟ್ಟು ನಿಲ್ಲಿಸಿದ್ದೆ. ಬೈಕ್ ಡಿಮ್‌ನಲ್ಲಿ ನಿಧಾನಕ್ಕೆ ಬರಬೇಕು, ಹಿಂದೆ ಕೂತವನು ಕಂಡ ತಕ್ಷಣ ಸುಣ್ಣದ ಪೊಟ್ಟಣ ಕೆಳಗೆ ಬಿಡಬೇಕು. ಮೊದಲ ರಾತ್ರಿ ಹಾಳಾಯಿತು. ಎಲ್ಲರಿಗೂ ಟ್ರೇಲರ್ ಎಲ್ಲಿದೆ ಅಂತ ಗೊತ್ತಿತ್ತು, 60 ಮೀಟರ್‌ಗೇ ಕಂಡಿತು ಅಂದರು. ಎರಡನೇ ರಾತ್ರಿ ಹೊಸ ಹುಡುಗರು, ಪ್ರತಿ ಸಲ ಟ್ರೇಲರ್ ಬೇರೆ ಜಾಗದಲ್ಲಿ. ಆಗ 25ರಿಂದ 32 ಮೀಟರ್ ಬಂತು.

45ರ ವೇಗದಲ್ಲಿ ಒಂದೂವರೆ ಸೆಕೆಂಡಿಗೆ ಬೈಕ್ 19 ಮೀಟರ್ ಹೋಗುತ್ತದೆ. ಕಂಡು, ಗಾಬರಿಯಾಗಿ, ಕಾಲು ಬ್ರೇಕಿಗೆ ಹೋಗೋಕೆ ಅಷ್ಟು ಹೊತ್ತು ಬೇಕೇ ಬೇಕು. ಅದಕ್ಕೆ ಗೆರೆಯ 9 ಮೀಟರ್ ಸೇರಿಸಿ. 28! ರಾತ್ರಿಯ ಪರೀಕ್ಷೆಯ ನಡುಮಧ್ಯಕ್ಕೆ ಬಂದು ಕೂತಿತು. ಅಂದರೆ ಆ ಮನುಷ್ಯ ಟ್ರೇಲರ್ ಕಂಡ ಮೇಲೆ ಯಾರಿಗಾದರೂ ಬೇಕಾಗುವಷ್ಟು ಹೊತ್ತಿನಲ್ಲೇ ಬ್ರೇಕ್ ಹಾಕಿದ್ದಾರೆ, ಅದಕ್ಕಿಂತ ತಡ ಮಾಡಿಲ್ಲ. ಆ ರಾತ್ರಿ ಲೆಕ್ಕ ಮುಗಿದಾಗ ಹನ್ನೊಂದೂವರೆ. ರಸ್ತೆ ಬದಿಯಲ್ಲಿ ಕೂತು ತಣ್ಣಗಾದ ಒಗ್ಗರಣೆ ಮಿರ್ಚಿ ತಿಂದೆವು, ನನಗಂತೂ ಹಬ್ಬದೂಟದ ಹಾಗಿತ್ತು.

ಹೊರಡುವ ಮುಂಚೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಜೋಡಿಗೆ 80 ರೂಪಾಯಿಯ ಕೆಂಪು ರಿಫ್ಲೆಕ್ಟರ್ ಟ್ರೇಲರ್ ಹಿಂದೆ ಕಟ್ಟಿದೆ. ಅದೇ ಡಿಮ್ ಲೈಟಿಗೆ 150 ಮೀಟರ್ ದಾಟಿ ಕಂಡಿತು. ನನ್ನ ಟೇಪ್ ಅಲ್ಲಿಗೆ ಮುಗಿಯಿತು. ಕೊನೆಗೆ ಕೇಸು ಗೆಲ್ಲಿಸಿದ್ದು ಇದೇ ಅಂಕಿ.

ಖರ್ಚಿನ ಮಾತು. ಎರಡು ರಾತ್ರಿಯ ಟ್ರೇಲರ್ ಬಾಡಿಗೆ, ಡೀಸೆಲ್, ಹಮಾಲಿ, ಹುಡುಗರಿಗೆ ತಲಾ 300, ವಿಡಿಯೊ ತೆಗೆದವನಿಗೆ 2,500, ಎಲ್ಲ ಸೇರಿ 14 ಸಾವಿರ ಆಗಿರಬೇಕು. ನನ್ನ ಫೀಸು 20 ಸಾವಿರ. ಕೈಗೆ ಮೊದಲು ಬಂದದ್ದು 5 ಸಾವಿರ ಮಾತ್ರ, ಉಳಿದದ್ದು ಕಂತಿನಲ್ಲಿ. ಪರಿಹಾರದಲ್ಲಿ ಪರ್ಸೆಂಟೇಜ್ ಕೊಡುತ್ತೇವೆ ಅಂತ ಬಹಳ ಜನ ಕೇಳುತ್ತಾರೆ. ನಾನು ತೆಗೆದುಕೊಳ್ಳುವುದಿಲ್ಲ. ಪಾಟೀ ಸವಾಲಿನಲ್ಲಿ ಅದು ಹೊರಗೆ ಬಂದರೆ ನಿಮ್ಮ ಎಲ್ಲ ಅಳತೆಯೂ ಸುಳ್ಳಾಗುತ್ತದೆ.

ಪಾಟೀ ಸವಾಲು ಒಂದು ಗಂಟೆಗೂ ಜಾಸ್ತಿ ನಡೆಯಿತು. "ನೀವು ಅಪಘಾತ ಕಣ್ಣಾರೆ ನೋಡಿದ್ದೀರಾ?" ಇಲ್ಲ. "ಆ ರಸ್ತೆಯಲ್ಲಿ ಪರೀಕ್ಷೆ ಮಾಡಿದ್ದೀರಾ?" ಹನ್ನೆರಡು ಸಲ. "ಚಂದ್ರನ ಬೆಳಕು?" ಪಂಚಾಂಗದ ಪುಟದ ಪ್ರತಿ ಕೊಟ್ಟೆ. ಪೆನ್‌ಡ್ರೈವ್, ಸರ್ಟಿಫಿಕೇಟ್ ಎಲ್ಲ ಈ ಸಲ ಜೊತೆಗಿತ್ತು.

ನ್ಯಾಯಮಂಡಳಿ ಸವಾರನ ಮೇಲೆ ಹತ್ತು ಪರ್ಸೆಂಟ್ ಮಾತ್ರ ಹಾಕಿತು. ತಿಂಗಳಿಗೆ ಹನ್ನೊಂದು ಸಾವಿರ ದುಡಿಮೆ, ಸುಪ್ರೀಂ ಕೋರ್ಟಿನ ಸರಳಾ ವರ್ಮಾ ತೀರ್ಪಿನ ಪ್ರಕಾರ ಆ ವಯಸ್ಸಿಗೆ ಗುಣಕ (ವರ್ಷದ ದುಡಿಮೆಯನ್ನು ಗುಣಿಸುವ ಸಂಖ್ಯೆ) 16, ಅಂಗವೈಕಲ್ಯ ಮೂರನೇ ಒಂದು ಭಾಗ ಅಂತ ಹಿಡಿದರು. ಆಸ್ಪತ್ರೆ ಖರ್ಚು ಸೇರಿ 11 ಲಕ್ಷದ ಹತ್ತಿರ ಬಂತು. ಅರ್ಧ ಹೋಗಬೇಕಾದ ಕಡೆ ಹತ್ತರಲ್ಲಿ ಒಂದು ಭಾಗ ಹೋಯಿತು. ನಾಲ್ಕು ಲಕ್ಷಕ್ಕೂ ಜಾಸ್ತಿ ಆ ಮನೆಗೆ ಉಳಿಯಿತು. ಧಾರವಾಡ ಪೀಠಕ್ಕೆ ಅಪೀಲು ಹೋಗುತ್ತೇವೆ ಅಂದಿದ್ದ ಕಂಪನಿ ಹೋಗಲಿಲ್ಲ, ದುಡ್ಡು ಕಟ್ಟಿತು. ಆ ಹತ್ತು ಪರ್ಸೆಂಟ್ ಕೂಡ ಹಾಕಬಾರದಿತ್ತು ಅನ್ನೋದು ನನ್ನ ಅಭಿಪ್ರಾಯ. ಈಗಲೂ ವಕೀಲರ ಹತ್ತಿರ ವಾದ ಮಾಡುತ್ತೇನೆ.

ಬ್ರೇಕ್ ಪರೀಕ್ಷೆಯ ರುಚಿ ಹತ್ತಿದ ಮೇಲೆ ಬೇರೆ ಕಡೆಯೂ ಮಾಡಿದೆ. ಸಂಡೂರಿನಿಂದ ತೋರಣಗಲ್ಲಿಗೆ ಬರುವ ದಾರಿಯಲ್ಲಿ ಅದಿರಿನ ಕೆಂಪು ಧೂಳು ಕೂತ ಜಾಗದಲ್ಲಿ ನನ್ನ ಹಳೇ ಬೊಲೆರೊ 40ರಿಂದ ನಿಲ್ಲೋಕೆ 13 ಮೀಟರ್ ಬೇಕಾಯಿತು. ಶುಭ್ರ ಡಾಂಬರಿನಲ್ಲಿ ಅದೇ ಗಾಡಿ 9ಕ್ಕೆ ನಿಲ್ಲುತ್ತದೆ. ಒಣ ಹಾಕಿದ ನೆಲ್ಲಿನ ಮೇಲೆ 20ರ ಹತ್ತಿರ ಹೋಯಿತು. ಇನ್ನೂ ಯಾವ ಕೇಸಿನಲ್ಲೂ ಇದನ್ನು ಬಳಸಿಲ್ಲ, ನೋಟ್‌ಬುಕ್ಕಿನಲ್ಲಿದೆ.

ಸದ್ಯ ಕೈಯಲ್ಲಿರುವುದು ಸಿಂಧನೂರು ಕಡೆಯ ಒಂದು ಕೇಸು. ಅದರಲ್ಲಿ ಬೈಕಿಗೆ ಎಲ್‌ಇಡಿ ದೀಪ, ನೋಡೋಕೆ ತಂತಿಯೇ ಇಲ್ಲ. ಬ್ರೇಕಿಗೆ ಎಬಿಎಸ್ ಇದೆ, ಅದು ಚಕ್ರ ಲಾಕ್ ಆಗೋಕೆ ಬಿಡುವುದಿಲ್ಲ, ಹಾಗಾಗಿ ರಸ್ತೆ ಮೇಲೆ ಗೆರೆಯೂ ಇಲ್ಲ. ಹತ್ತಿರದ ಪೆಟ್ರೋಲ್ ಬಂಕಿನ ಸಿಸಿಟಿವಿ ಒಂದೇ ದಾರಿ. ಅಪಘಾತವಾದ ಎಂಟನೇ ದಿನಕ್ಕೇ ಹೋಗಿ, ಅಳಿಸಿ ಹೋಗುವ ಮುಂಚೆ ಕಾಪಿ ತೆಗೆದಿಟ್ಟಿದ್ದೇನೆ. ಸ್ಟಾಪ್‌ವಾಚ್ ಪರೀಕ್ಷೆ ಮುಗಿದಿದೆ. ಆ ಕ್ಯಾಮೆರಾ ಸೆಕೆಂಡಿಗೆ 12 ಫ್ರೇಮ್ ಹಿಡಿಯುತ್ತದೆ.