ಬೆಳಿಗ್ಗೆ ದ್ವೀಪ, ಸಂಜೆ ದೀಪಸ್ತಂಭ: ಮಲ್ಪೆ–ಕಾಪು ಕಡಲ ದಿನಕ್ಕೆ ತಯಾರಿ ಹೇಗೆ?

ಉಡುಪಿಗೆ ಬರುವ ಹೆಚ್ಚಿನವರು ಬೆಳಿಗ್ಗೆ ಕೃಷ್ಣಮಠ, ಮಧ್ಯಾಹ್ನ ಊಟ, ಮೂರು ಗಂಟೆಯ ಮೇಲೆ ಮಲ್ಪೆ ಎಂದು ದಿನ ಜೋಡಿಸಿಕೊಳ್ಳುತ್ತಾರೆ. ಕಡಲಿನ ಲೆಕ್ಕದಲ್ಲಿ ಇದು ತಲೆಕೆಳಗಾದ ಕ್ರಮ. ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ ರಾತ್ರಿಯಿಂದ ಬೆಳಗಿನವರೆಗೆ ನೆಲದ ಕಡೆಯಿಂದ ಸಣ್ಣಗೆ ಗಾಳಿ ಬೀಸುತ್ತದೆ, ನೀರು ಶಾಂತವಾಗಿರುತ್ತದೆ. ಹತ್ತು–ಹನ್ನೊಂದರ ಹೊತ್ತಿಗೆ ನೆಲ ಕಾದು ಗಾಳಿ ತಿರುಗುತ್ತದೆ. ಆಮೇಲೆ ಅದು ಕಡಲಿನಿಂದ ದಡಕ್ಕೆ ಬೀಸತೊಡಗಿ, ಎರಡರಿಂದ ನಾಲ್ಕರ ನಡುವೆ ಬಿರುಸಾಗುತ್ತದೆ. ಆ ಹೊತ್ತಿನಲ್ಲಿ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೊರಟ ದೋಣಿ ಅಲೆಗೆ ಎದುರಾಗಿಯೇ ಓಡಬೇಕು. ಮಕ್ಕಳಿಗೆ ವಾಂತಿಯಾಗುವುದು, ಬಟ್ಟೆ ತೋಯುವುದು, ದ್ವೀಪದಲ್ಲಿ ಇಳಿಯಲು ಪರದಾಡುವುದು ಎಲ್ಲವೂ ಇದರಿಂದಲೇ. ಆದ್ದರಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಬೆಳಗಿನ ಮೊದಲ ದೋಣಿ, ಕಾಪುವಿನ ಲೈಟ್‌ಹೌಸ್‌ಗೆ ಸಂಜೆ. ಮಠದ ದರ್ಶನವನ್ನು ಹಿಂದಿನ ದಿನವೋ ಮರುದಿನವೋ ಇಟ್ಟುಕೊಳ್ಳಿ.

ತಿಂಗಳು ಯಾವುದು?

ನವೆಂಬರ್‌ನಿಂದ ಫೆಬ್ರವರಿ ಎಲ್ಲಕ್ಕಿಂತ ಒಳ್ಳೆಯದು. ಮಾರ್ಚ್, ಏಪ್ರಿಲ್‌ನಲ್ಲೂ ಹೋಗಬಹುದು, ಆದರೆ ದ್ವೀಪದಲ್ಲಿ ತೆಂಗಿನ ಮರಗಳ ನೆರಳು ಬಿಟ್ಟರೆ ಬೇರೆ ಆಸರೆ ಕಡಿಮೆ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆಗಾಲದ ಕಾರಣ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಆ ದಿನಗಳಲ್ಲಿ ಖಾಸಗಿ ದೋಣಿಯವರು ಯಾರಾದರೂ ಕರೆದರೂ ಹತ್ತಬೇಡಿ.

ಉಬ್ಬರ–ಇಳಿತದ ಪಟ್ಟಿ ಓದುವ ಕ್ರಮ

ಹೊರಡುವ ಮೂರು ದಿನ ಮೊದಲೇ ಮಲ್ಪೆಯ ಉಬ್ಬರ–ಇಳಿತದ ಸಮಯ ನೋಡಿಕೊಳ್ಳಿ. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್, ಇದನ್ನೂ ಅಲೆಗಳ ಮುನ್ಸೂಚನೆಯನ್ನೂ ಉಚಿತವಾಗಿ ಕೊಡುತ್ತದೆ. ಪಟ್ಟಿಯಲ್ಲಿ ದಿನಕ್ಕೆ ಸಾಮಾನ್ಯವಾಗಿ ನಾಲ್ಕು ಸಾಲು ಇರುತ್ತವೆ: ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು ಅಂತರ. ಪ್ರತಿ ದಿನ ಸಮಯ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಒಂದೇ ದಿನದ ಎರಡು ಉಬ್ಬರಗಳೂ ಸಮ ಎತ್ತರ ಇರುವುದಿಲ್ಲ, ಹಾಗಾಗಿ ಸಮಯದ ಪಕ್ಕದ ಮೀಟರ್ ಅಂಕಿಯನ್ನೂ ಓದಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತದ ಅಂತರ ದೊಡ್ಡದು, ಅಷ್ಟಮಿಯ ಹೊತ್ತಿಗೆ ಚಿಕ್ಕದು.

ಒಂದು ಉದಾಹರಣೆ ನೋಡಿ. ಬೆಳಿಗ್ಗೆ 9 ಗಂಟೆಗೆ ಇಳಿತ 0.3 ಮೀಟರ್, ಮಧ್ಯಾಹ್ನ 3.10ಕ್ಕೆ ಉಬ್ಬರ 1.5 ಮೀಟರ್ ಎಂದಿದ್ದರೆ, ನೀರು ಒಟ್ಟು 120 ಸೆಂಟಿಮೀಟರ್ ಏರುತ್ತದೆ. ಆದರೆ ಗಂಟೆಗೆ 20ರಂತೆ ಸಮನಾಗಿ ಏರುವುದಿಲ್ಲ. ಅಂದಾಜಿಗೆ ಮೊದಲ ಗಂಟೆ 10, ಎರಡನೆಯ ಗಂಟೆ 20, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ 30, ಮತ್ತೆ 20, ಕೊನೆಗೆ 10. ಬಂಡೆಗಳ ಮೇಲೆ ಕೂತವರು ಸಿಕ್ಕಿಬೀಳುವುದು ಈ ನಡುವಿನ ಎರಡು ಗಂಟೆಗಳಲ್ಲೇ. ಹತ್ತಿ ಬಂದಾಗ ಒಣಗಿದ್ದ ದಾರಿ, ಎರಡು ಗಂಟೆ ಮಾತಾಡಿ ಏಳುವಷ್ಟರಲ್ಲಿ ಮೊಣಕಾಲು ಮುಳುಗುವ ನೀರಾಗಿರುತ್ತದೆ.

ದ್ವೀಪದ ಬಂಡೆಗಳ ಬುಡ ನೋಡಬೇಕಾದರೆ ಬೆಳಿಗ್ಗೆ ಎಂಟರಿಂದ ಹನ್ನೊಂದರ ನಡುವೆ ಇಳಿತ ಬರುವ ದಿನ ಆರಿಸಿ. ಹದಿನೈದು ದಿನಕ್ಕೊಮ್ಮೆ ಇಳಿತ ಹೆಚ್ಚುಕಡಿಮೆ ಅದೇ ಗಡಿಯಾರಕ್ಕೆ ಮರಳುವುದರಿಂದ, ಈ ವಾರ ಹೊಂದದಿದ್ದರೆ ಒಂದು ವಾರ ಬಿಟ್ಟು ನೋಡಿದರೆ ಸಾಕು.

ಉಬ್ಬರದಷ್ಟೇ ಮುಖ್ಯವಾದ ಇನ್ನೊಂದು ವಿಷಯ ಅಲೆಯ ಅಂತರ. ಇಲ್ಲಿ ಬೀಸುವ ಗಾಳಿಯಿಂದ ಎದ್ದ ಅಲೆಗಳು ಐದರಿಂದ ಎಂಟು ಸೆಕೆಂಡಿಗೊಂದು ಬರುತ್ತವೆ. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಹುಟ್ಟಿ ಸಾವಿರಾರು ಕಿಲೋಮೀಟರ್ ದಾಟಿ ಬರುವ ಅಲೆಗಳ ಅಂತರ ಹದಿನೈದು ಸೆಕೆಂಡಿನಷ್ಟೋ ಇನ್ನೂ ಹೆಚ್ಚೋ ಇರುತ್ತದೆ. ಇವು ಗಾಳಿಯೇ ಇಲ್ಲದ, ಆಕಾಶ ತಿಳಿಯಾದ ದಿನವೂ ಬರುತ್ತವೆ. ದೂರಕ್ಕೆ ಎತ್ತರವೇ ಕಾಣುವುದಿಲ್ಲ, ಬಂಡೆಗೆ ಬಡಿದಾಗ ಮಾತ್ರ ಆಳೆತ್ತರಕ್ಕೆ ಚಿಮ್ಮುತ್ತವೆ. ಏಪ್ರಿಲ್–ಮೇ ತಿಂಗಳಲ್ಲಿ ‘ಕಳ್ಳಕ್ಕಡಲ್’ ಹೆಸರಿನಲ್ಲಿ ಇನ್‌ಕಾಯಿಸ್ ಎಚ್ಚರಿಕೆ ಹೊರಡಿಸುವುದು ಇವಕ್ಕಾಗಿಯೇ. ದಡದಲ್ಲಿ ನಿಂತು ಹತ್ತು ಅಲೆಗಳಿಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸಿ. 120 ಸೆಕೆಂಡು ಮೀರಿದರೆ ಆ ದಿನ ಬಂಡೆಗಳ ಅಂಚಿಗೆ ಹೋಗಲೇಬೇಡಿ. ದೊಡ್ಡ ಅಲೆಗಳು ಗುಂಪಾಗಿ, ಹಲವು ನಿಮಿಷಕ್ಕೊಮ್ಮೆ ಬರುತ್ತವೆ. ಐದು ನಿಮಿಷ ನೋಡಿ ‘ಇಲ್ಲಿಗೆ ನೀರು ಬರುವುದಿಲ್ಲ’ ಎಂದು ತೀರ್ಮಾನಿಸಿದವರೇ ಹೆಚ್ಚಾಗಿ ಕೊಚ್ಚಿಹೋಗುವುದು.

ಚೀಲದಲ್ಲಿ ಏನಿರಬೇಕು?

ತಲೆಗೆ ಎರಡು ಲೀಟರ್ ನೀರು, ಎರಡು ಓಆರ್‌ಎಸ್ ಪೊಟ್ಟಣ, ಟೋಪಿ, ಒಣ ಬಟ್ಟೆಯ ಒಂದು ಜೊತೆ, ಫೋನಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ. ಕಾಲಿಗೆ ಹಿಮ್ಮಡಿಯ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಬೇಕು. ಹವಾಯಿ ಚಪ್ಪಲಿ ನೀರಿನಲ್ಲಿ ಕಳಚುತ್ತದೆ, ಅದನ್ನು ಹಿಡಿಯಲು ಬಾಗಿದವರು ಬೀಳುತ್ತಾರೆ. ಬರಿಗಾಲೂ ಸಲ್ಲದು, ಕಲ್ಲಿಗೆ ಅಂಟಿದ ಚಿಪ್ಪುಗಳ ಅಂಚು ಬ್ಲೇಡಿನಷ್ಟೇ ಹರಿತ. ದ್ವೀಪದಲ್ಲಿ ಮದ್ಯಕ್ಕೂ ಕಸ ಬಿಸಾಡುವುದಕ್ಕೂ ನಿಷೇಧವಿದೆ. ತಿಂಡಿ ತರುವುದಾದರೆ ಉಕ್ಕಿನ ಡಬ್ಬಿಯಲ್ಲಿ ತನ್ನಿ, ಖಾಲಿ ಡಬ್ಬಿ ವಾಪಸ್ ತನ್ನಿ.

ದೋಣಿ ಮತ್ತು ದ್ವೀಪ

ಉಡುಪಿಯಿಂದ ಮಲ್ಪೆ ಆರು ಕಿಲೋಮೀಟರ್, ಬಸ್ಸು ಬೇಕಾದಷ್ಟಿವೆ. ಟಿಕೆಟ್ ಕೌಂಟರ್ ತೆರೆಯುವ ಒಂಬತ್ತರ ಸುಮಾರಿಗೆ ಅಲ್ಲಿರಿ. ದೋಣಿ ಗಡಿಯಾರಕ್ಕಿಂತ ಹೆಚ್ಚಾಗಿ ಜನ ತುಂಬುವುದನ್ನು ನೋಡಿ ಹೊರಡುತ್ತದೆ. ಶನಿವಾರ, ಭಾನುವಾರ ಬೇಗ ತುಂಬುತ್ತದೆ, ವಾರದ ದಿನ ಅರ್ಧ ಗಂಟೆ ಕಾಯಬೇಕಾಗಬಹುದು. ಹೋಗಿಬರುವುದಕ್ಕೆ ಒಂದೇ ಟಿಕೆಟ್, ಜೋಪಾನವಾಗಿಡಿ. ಕೊನೆಯ ವಾಪಸ್ ದೋಣಿ ಎಷ್ಟಕ್ಕೆ ಎಂದು ಹತ್ತುವ ಮೊದಲೇ ಕೇಳಿಕೊಳ್ಳಿ.

ಲೈಫ್ ಜಾಕೆಟ್ ಕೊಟ್ಟಾಗ ಬಕಲ್ ಹಾಕಿ ಪಟ್ಟಿ ಎಳೆದ ಮೇಲೆ, ಜೊತೆಯವರು ನಿಮ್ಮ ಎರಡೂ ಭುಜದ ಬಳಿ ಹಿಡಿದು ಮೇಲಕ್ಕೆತ್ತಿ ನೋಡಲಿ. ಜಾಕೆಟ್ ಗಲ್ಲ ದಾಟಿ ಕಿವಿಯವರೆಗೆ ಏರಿದರೆ ಅದು ನಿಮ್ಮ ಅಳತೆಯದಲ್ಲ, ಬದಲಿಸಿಕೊಳ್ಳಿ. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಿಸುವುದು ಏನೂ ಹಾಕದಷ್ಟೇ ಅಪಾಯ. ನೀರಿಗೆ ಬಿದ್ದ ಮಗು ಅದರೊಳಗಿಂದ ಜಾರಿಬಿಡುತ್ತದೆ. ತಲೆಸುತ್ತು ಬರುವವರು ದೋಣಿಯ ನಡುಭಾಗದಲ್ಲಿ, ಡೀಸೆಲ್ ಹೊಗೆ ಬಾರದ ಕಡೆ ಕೂತು ದೂರದ ದಿಗಂತ ನೋಡುತ್ತಿರಬೇಕು. ಫೋನ್ ನೋಡಿದರೆ ಹೆಚ್ಚಾಗುತ್ತದೆ.

ಅರ್ಧ ಗಂಟೆಯೊಳಗೆ ದ್ವೀಪ ಬರುತ್ತದೆ. ನೀರು ಕಡಿಮೆ ಇದ್ದಾಗ ದೊಡ್ಡ ದೋಣಿ ದಡ ಮುಟ್ಟುವುದಿಲ್ಲ, ಸಣ್ಣ ದೋಣಿಗೆ ದಾಟಿಸುತ್ತಾರೆ ಅಥವಾ ಮೊಣಕಾಲುದ್ದ ನೀರಿನಲ್ಲಿ ಇಳಿಯಬೇಕಾಗುತ್ತದೆ. ಎರಡು ದೋಣಿಗಳ ನಡುವಿನ ಸಂದಿಗೆ ಕೈಯಾಗಲಿ ಕಾಲಾಗಲಿ ಹೋಗದಂತೆ ನೋಡಿಕೊಳ್ಳಿ. ದಾಟುವಾಗ ಎರಡೂ ಕೈ ಖಾಲಿ ಇರಲಿ, ಚೀಲ ಬೆನ್ನಿಗಿರಲಿ.

ಇಲ್ಲಿ ನೋಡಬೇಕಾದದ್ದು ಕಲ್ಲು. ಭಾರತ ಮಡಗಾಸ್ಕರ್‌ನಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಎಂಟು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಹರಿದ ಲಾವಾ ತಣಿದು ಕುಗ್ಗುವಾಗ ಬಿರುಕುಬಿಟ್ಟು ಕಂಬಗಳಾಗಿ ನಿಂತಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕಂಬಗಳ ತಲೆಯ ಮೂಲೆಗಳನ್ನು ಎಣಿಸಲು ಮಕ್ಕಳಿಗೆ ಹೇಳಿ. ಆರು ಮೂಲೆಯವು ಸಾಮಾನ್ಯ, ಐದು ಮತ್ತು ಏಳೂ ಸಿಗುತ್ತವೆ. ತಣಿಯುವ ಮೇಲ್ಮೈಗೆ ಲಂಬವಾಗಿ ಬಿರುಕು ಇಳಿಯುವುದರಿಂದ, ಕಂಬ ವಾಲಿದ ಕಡೆ ಲಾವಾ ಯಾವ ದಿಕ್ಕಿನಿಂದ ತಣಿಯಿತೆಂದು ಊಹಿಸಬಹುದು. ಕಪ್ಪಗೆ ಒಣಗಿದ ಕಲ್ಲಿನ ಮೇಲೆ ಹೆಜ್ಜೆ ಇಡಿ. ಹಸಿರು ಪಾಚಿಯ ಮೇಲೆ ಎಂಥ ಚಪ್ಪಲಿಯೂ ನಿಲ್ಲದು. ಪಶ್ಚಿಮದ ಕಡೆ ಮರಳಿಗಿಂತ ಚಿಪ್ಪುಗಳೇ ಹೆಚ್ಚು ಹಾಸಿವೆ. ಒಂದನ್ನೂ ಜೇಬಿಗೆ ಹಾಕಬೇಡಿ, ಕಲ್ಲಿನ ಚೂರನ್ನೂ ಅಷ್ಟೇ. ಈಜುವುದಿದ್ದರೆ ಜೀವರಕ್ಷಕರು ಗುರುತಿಸಿದ ಜಾಗದಲ್ಲಿ ಮಾತ್ರ. ಕಂಬಗಳ ನಡುವಿನ ಸಂದುಗಳಲ್ಲಿ ನೀರು ನುಗ್ಗಿ ಹಿಂದೆಳೆಯುವ ಬಲವನ್ನು ಒಳ್ಳೆಯ ಈಜುಗಾರರೂ ತಡೆಯಲಾರರು. ಎರಡು ಗಂಟೆ ಸಾಕು, ಬಿಸಿಲು ಏರುವ ಮೊದಲು ಹೊರಡಿ.

ನಡುಹಗಲು

ಊಟ ಮುಗಿಸಿ, ನೆರಳಿನಲ್ಲಿ ಮೂರರವರೆಗೆ ವಿಶ್ರಾಂತಿ. ಸೈಕಲ್ ಇದ್ದವರು ಆಮೇಲೆ ಕಾಪುವಿಗೆ ಹೆದ್ದಾರಿ ಬಿಟ್ಟು ಮಟ್ಟು ಕಡೆಯ ಕರಾವಳಿ ರಸ್ತೆ ಹಿಡಿಯಲಿ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ, ನಡುವೆ ಸಪೂರ ದಾರಿ. ಭೌಗೋಳಿಕ ಸೂಚಕ (ಜಿಐ) ಪಡೆದ ಮಟ್ಟುಗುಳ್ಳ ಎಂಬ ಬದನೆ ಬೆಳೆಯುವುದು ಇದೇ ಊರಿನಲ್ಲಿ. ಹಂಗಾಮಿನಲ್ಲಿ ಸಿಕ್ಕರೆ ಎರಡು ಕೆ.ಜಿ. ಕಟ್ಟಿಸಿಕೊಳ್ಳಿ. ಸಂಜೆ ಗಾಳಿ ವಾಯವ್ಯದಿಂದ ಬೀಸುವುದು ಹೆಚ್ಚಾದ್ದರಿಂದ ಉತ್ತರದಿಂದ ದಕ್ಷಿಣಕ್ಕೆ ತುಳಿಯುವುದು ಸುಲಭ.

ಲೈಟ್‌ಹೌಸ್ ಹತ್ತುವಾಗ

1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭ ಸುಮಾರು 27 ಮೀಟರ್ ಎತ್ತರವಿದೆ, ಕಡಲಂಚಿನ ಬಂಡೆಯ ಮೇಲೆ ನಿಂತಿದೆ. ಸಾರ್ವಜನಿಕರಿಗೆ ಪ್ರವೇಶ ಸಂಜೆಯ ಸೀಮಿತ ಹೊತ್ತು ಮಾತ್ರ. ದೀಪ ಹೊತ್ತಿಸುವ ಮೊದಲು ಎಲ್ಲರನ್ನೂ ಇಳಿಸುತ್ತಾರೆ. ನವೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ಆರು ಗಂಟೆಯ ಸುಮಾರಿಗೆ, ಫೆಬ್ರವರಿಯಲ್ಲಿ ಆರೂವರೆ ದಾಟಿ. ಮುಳುಗುವುದಕ್ಕಿಂತ ಒಂದೂವರೆ ಗಂಟೆ ಮುಂಚೆ ಬುಡದಲ್ಲಿರಿ. ರಜಾದಿನಗಳಲ್ಲಿ ಸಾಲು ಉದ್ದ. ಐದೂವರೆಗೆ ಬಂದವರು ಬಹಳ ಸಲ ಬಾಗಿಲಿನಿಂದಲೇ ಹಿಂದಿರುಗುತ್ತಾರೆ.

ಒಳಗಿನ ಸುತ್ತುಮೆಟ್ಟಿಲು ಕಿರಿದು. ಏರುವವರು, ಇಳಿಯುವವರು ಒಟ್ಟಿಗೆ ನುಗ್ಗಿದರೆ ನಡುವಿನಲ್ಲಿ ಉಸಿರು ಕಟ್ಟಿದಂತಾಗುತ್ತದೆ, ಮೇಲಿನವರು ಇಳಿಯುವವರೆಗೆ ಕಾಯಿರಿ. ಕಡಿದಾದ ಭಾಗ ಇಳಿಯುವಾಗ ಮುಖ ಮೆಟ್ಟಿಲ ಕಡೆಗೇ ಇರಲಿ, ಹಿಮ್ಮುಖವಾಗಿ ಇಳಿಯಿರಿ. ಮೇಲೆ ಗಾಳಿ ಜೋರು. ಟೋಪಿ ಚೀಲದೊಳಗೆ, ಫೋನಿನ ದಾರ ಮಣಿಕಟ್ಟಿಗೆ. ದಡದಲ್ಲಿ ನಿಂತವರಿಗೆ ದಿಗಂತ ಐದು ಕಿಲೋಮೀಟರ್‌ಗಿಂತ ಕಡಿಮೆ ದೂರದಲ್ಲಿರುತ್ತದೆ. ಕಣ್ಣು 25 ಮೀಟರ್ ಎತ್ತರಕ್ಕೇರಿದರೆ ಸುಮಾರು 18 ಕಿಲೋಮೀಟರ್. ದೀಪವನ್ನು ಇಷ್ಟು ಎತ್ತರದಲ್ಲಿ ಇಟ್ಟದ್ದು ಈ ಲೆಕ್ಕಕ್ಕಾಗಿಯೇ. ಇಳಿದ ಮೇಲೆ ಮರಳಿನಲ್ಲಿ ಕೂತು, ಒಂದು ಮಿನುಗಿನಿಂದ ಅದೇ ಮಾದರಿ ಮರಳುವವರೆಗೆ ಸೆಕೆಂಡು ಎಣಿಸಿ. ಪ್ರತಿ ದೀಪಸ್ತಂಭಕ್ಕೂ ತನ್ನದೇ ಮಿನುಗಿನ ಕ್ರಮವಿದೆ. ಕತ್ತಲಲ್ಲಿ ನಾವಿಕರು ಊರು ಗುರುತಿಸುವುದು ಅದರಿಂದ.

ನೀರಿಗಿಳಿಯುವವರಿಗೆ

ಲೈಟ್‌ಹೌಸ್ ಬಂಡೆಯ ಎರಡೂ ಪಕ್ಕ ನೀರಿಗಿಳಿಯಬಾರದು. ದಡಕ್ಕೆ ನುಗ್ಗಿದ ನೀರು ಎಲ್ಲಿಂದಾದರೂ ಹಿಂದಿರುಗಲೇಬೇಕು. ಬಂಡೆ ಇದ್ದ ಕಡೆ ಅದರ ಮಗ್ಗುಲಲ್ಲೇ ಕಾಲುವೆ ಕೊರೆದುಕೊಂಡು ಹೋಗುತ್ತದೆ. ಬಯಲು ದಡದಲ್ಲೂ ಇಂಥ ಸೆಳೆತ ಇರುತ್ತದೆ. ಎತ್ತರದ ಜಾಗದಲ್ಲಿ ನಿಂತು ಹತ್ತು ನಿಮಿಷ ನೋಡಿ: ಎರಡು ಬದಿಗೆ ಅಲೆ ಒಡೆದು ನೊರೆ ಏಳುತ್ತಿರುವಾಗ ನಡುವೆ ಒಂದು ಪಟ್ಟೆ ಮಾತ್ರ ಅಲೆಯಿಲ್ಲದೆ, ಬಣ್ಣ ಗಾಢವಾಗಿ, ನೊರೆ ಕಡಲ ಕಡೆಗೆ ತೇಲುತ್ತಿದ್ದರೆ ಅದೇ ಸೆಳೆತ. ದುರದೃಷ್ಟವೆಂದರೆ ಈಜಲು ಬಾರದವರ ಕಣ್ಣಿಗೆ ಅದೇ ಶಾಂತ ಜಾಗವಾಗಿ ಕಾಣುತ್ತದೆ. ಇಳಿತದ ಹೊತ್ತಿನಲ್ಲಿ ಇದರ ಬಲ ಇನ್ನೂ ಹೆಚ್ಚು.

ಸಿಕ್ಕಿಕೊಂಡರೆ ದಡದ ಕಡೆ ಈಜಬೇಡಿ. ಸೆಳೆತ ಮುಳುಗಿಸುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಮುಳುಗಿಸುವುದು ಅದರ ಎದುರು ಈಜಿದ ದಣಿವು. ಮೊದಲು ತೇಲಿ, ಉಸಿರು ಹಿಡಿತಕ್ಕೆ ಬರಲಿ, ಒಂದು ಕೈ ಎತ್ತಿ ಕರೆಯಿರಿ. ಆಮೇಲೆ ದಡಕ್ಕೆ ಸಮಾನಾಂತರವಾಗಿ, ಅಲೆ ಒಡೆಯುತ್ತಿರುವ ಕಡೆಗೆ ಈಜಿ, ಅಲ್ಲಿಂದ ಅಲೆಯ ಜೊತೆ ಓರೆಯಾಗಿ ಬನ್ನಿ. ದಡದಲ್ಲಿರುವವರು ನೀರಿಗೆ ಹಾರದೆ ತೇಲುವ ವಸ್ತು ಎಸೆಯಲಿ: ಹಗ್ಗ ಕಟ್ಟಿದ ಟ್ಯೂಬ್, ಮುಚ್ಚಳ ಬಿಗಿದ ಖಾಲಿ ಕ್ಯಾನ್, ಏನು ಸಿಕ್ಕಿದರೂ. ತುರ್ತಿಗೆ 112, ಕರಾವಳಿ ಕಾವಲು ಪೊಲೀಸರಿಗೆ 1093, ಕೋಸ್ಟ್ ಗಾರ್ಡ್‌ಗೆ 1554.

ಆಳವಿಲ್ಲದ ಮರಳಿನಲ್ಲಿ ತೊರಕೆ ಮೀನು ಹೂತು ಮಲಗಿರುತ್ತದೆ. ಕಾಲೆತ್ತಿ ಇಡದೆ ಮರಳು ಸವರಿಕೊಂಡು ನಡೆದರೆ ಅದು ತಾನೇ ಸರಿಯುತ್ತದೆ. ಅದರ ಮುಳ್ಳು ಚುಚ್ಚಿದರೆ, ತಾಳಿಕೊಳ್ಳುವಷ್ಟು ಬಿಸಿಯಾದ, ಸುಮಾರು 45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಕಾಲಿಟ್ಟುಕೊಂಡು ಆಸ್ಪತ್ರೆಗೆ ಹೋಗಿ; ಮುಳ್ಳು ಆಳಕ್ಕಿಳಿದಿದ್ದರೆ ನೀವೇ ಕೀಳಬೇಡಿ. ಲೋಳೆಮೀನು ತಾಗಿದರೆ ಸಮುದ್ರದ ನೀರಿನಿಂದಲೇ ತೊಳೆಯಿರಿ, ಸಿಹಿನೀರು ಹಾಕಬೇಡಿ, ಮರಳಿನಿಂದ ಉಜ್ಜಬೇಡಿ. ಎರಡರಿಂದಲೂ ಚರ್ಮದಲ್ಲಿ ಉಳಿದ ವಿಷದ ಕೋಶಗಳು ಸಿಡಿಯುತ್ತವೆ.

ದೋಣಿ ಹೊರಡದಿದ್ದರೆ

ಗಾಳಿ ಜೋರಿದ್ದು ಮಲ್ಪೆಯಲ್ಲಿ ‘ಇವತ್ತು ಇಲ್ಲ’ ಎಂದರೆ ಜಗಳ ಬೇಡ. ಅಲ್ಲಿಂದ ನೇರ ಪಡುಬಿದ್ರಿಗೆ ಬನ್ನಿ. ಕಾಪುವಿನಿಂದ ದಕ್ಷಿಣಕ್ಕೆ ಹನ್ನೆರಡು ಕಿಲೋಮೀಟರ್‌ನಷ್ಟು ದೂರ, ಸ್ವಚ್ಛತೆ, ಸುರಕ್ಷತೆಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆಯನ್ನು 2020ರಲ್ಲಿ ಪಡೆದ ಕಡಲತೀರ. ಶೌಚಾಲಯ, ಸ್ನಾನದ ಕೋಣೆ, ಗುರುತು ಹಾಕಿದ ಈಜಿನ ಜಾಗ ಇವೆ, ಸಣ್ಣ ಮಕ್ಕಳಿರುವ ಮನೆಯವರಿಗೆ ಅನುಕೂಲ. ಆದರೆ ಪಕ್ಕದಲ್ಲೇ ಹೊಳೆ ಕಡಲು ಸೇರುವ ಅಳಿವೆಯಿದೆ. ಇಳಿತದಲ್ಲಿ ಹೊಳೆಯ ನೀರೂ ಕಡಲ ನೀರೂ ಒಟ್ಟಿಗೆ ಹೊರಕ್ಕೆ ಓಡುತ್ತವೆ. ಮೊಣಕಾಲುದ್ದ ಎಂದು ಕಂಡರೂ ಅದನ್ನು ನಡೆದು ದಾಟಲು ಹೋಗಬೇಡಿ. ನಾಲ್ಕು ಗಂಟೆಗೆ ಅಲ್ಲಿಂದ ಹೊರಟರೆ ಲೈಟ್‌ಹೌಸ್ ಸಾಲಿಗೆ ಸಮಯ ಸಿಗುತ್ತದೆ.